ಮಡಕೆ ಗೊಬ್ಬರಕ್ಕೆ ಮೂರನೇ ವಾರದಲ್ಲೇ ದುರ್ವಾಸನೆ ಬಂದಿದೆ, ಏನು ಮಾಡಲಿ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ ತಿಪ್ಪೆಗುಂಡಿಗೆ ಜಾಗವಿಲ್ಲದ ಕಾರಣ, ತಳಕ್ಕೂ ಪಕ್ಕಕ್ಕೂ ರಂಧ್ರ ಕೊರೆಸಿದ ದೊಡ್ಡ ಮಡಕೆಯೊಂದರಲ್ಲಿ ತರಕಾರಿ ಸಿಪ್ಪೆ, ಚಹಾದ ಚರಟ, ಉಳಿದ ಅನ್ನ-ಸಾರು ಹಾಕಿ, ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟನ್ನು ದಿನವೂ ಒಂದು ಹಿಡಿ ಉದುರಿಸುತ್ತಿದ್ದೇನೆ. ಈಗ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ, ತಳದಲ್ಲಿ ಕಪ್ಪು ನೀರು, ಅಂಚಿನಲ್ಲಿ ಬೂದುಬಣ್ಣದ ದಪ್ಪ ಹುಳುಗಳು. ಹೊಟ್ಟು ಮಾತ್ರ ಹಾಕಿದ ದಿನದಂತೆಯೇ ಹೊಂಬಣ್ಣದಲ್ಲಿದೆ. ಕೆಳಮನೆಯ ಅಜ್ಜಿಯವರು ಎರಡು ಸಲ ವಿಚಾರಿಸಿದರು. ಎಲ್ಲವನ್ನೂ ಕಸದ ಗಾಡಿಗೆ ಹಾಕಿಬಿಡಬೇಕೇ?

ಉತ್ತರ (ಚಿತ್ರದುರ್ಗ):
ದಯವಿಟ್ಟು ಹಾಕಬೇಡಿ, ಇದು ಖಂಡಿತ ಸರಿಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಲಸಕ್ಕಿಳಿದಾಗ ಈ ನಾತ ಬರುತ್ತದೆ. ನಿಮ್ಮ ಮಡಕೆಯಲ್ಲಿ ಸಾರಿನ ನೀರು ಸಂದುಗಳನ್ನೆಲ್ಲ ತುಂಬಿರಬೇಕು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಅದು ಬೇಗ ಕೊಳೆಯುವುದಿಲ್ಲ: ಗಾಳಿಯಾಡಲು ನೆರವಾಗುತ್ತದೆಯೇ ಹೊರತು ಸೂಕ್ಷ್ಮಜೀವಿಗಳಿಗೆ ಬೇಕಾದ ಇಂಗಾಲವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸಾರಜನಕದ 1 ಪಾಲಿಗೆ ಇಂಗಾಲ 25ರಿಂದ 30 ಪಾಲು ಇರಬೇಕೆನ್ನುತ್ತಾರೆ. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಾಗಾಗಿ ಮನೆಯ ಲೆಕ್ಕದಲ್ಲಿ ಒಂದು ಬೋಗುಣಿ ಸಿಪ್ಪೆಗೆ ಎರಡು ಬೋಗುಣಿ ಒಣ ಎಲೆ. ಶಿವರಾತ್ರಿಯ ಹೊತ್ತಿಗೆ ಉದುರುವ ಹೊಂಗೆ ಎಲೆಯನ್ನು ನಾನು ಗೋಣಿಚೀಲದಲ್ಲಿ ತುಂಬಿಟ್ಟುಕೊಳ್ಳುತ್ತೇನೆ. ಈಗ ನಿಮ್ಮಲ್ಲಿ ಅದಿಲ್ಲದಿದ್ದರೆ ತೆಂಗಿನ ನಾರಿನ ಪುಡಿ ಅಥವಾ ಹರಿದ ರಟ್ಟು ಸಾಕು. ಎಲ್ಲವನ್ನೂ ಹಳೆಯ ಚೀಲದ ಮೇಲೆ ಸುರಿದು, ಒಣ ಪದಾರ್ಥ ಬೆರೆಸಿ, ಒಂದು ಹಿಡಿಯನ್ನು ಬಿಗಿಯಾಗಿ ಹಿಂಡಿ ನೋಡಿ: ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿಯಿದೆ, ಧಾರೆಯಾಗಿ ಇಳಿದರೆ ಇನ್ನೂ ಎಲೆ ಬೇಕು.

ಉತ್ತರ (ಹರಿಹರ):
ಹುಳುಗಳಿಗೆ ಹೆದರಬೇಡಿ. ಅವು ಬಹುಶಃ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಒಣ ಪದಾರ್ಥ ಹೆಚ್ಚಿದಂತೆ ತಾವೇ ಕಡಿಮೆಯಾಗುತ್ತವೆ. ಆದರೆ ನಾತ ಅಡಗಲೆಂದು ಬೂದಿಯನ್ನು ಧಾರಾಳವಾಗಿ ಸುರಿಯುವ ತಪ್ಪನ್ನು ಮಾಡಬೇಡಿ. ಬೂದಿ ಕ್ಷಾರಗುಣದ್ದಾದ್ದರಿಂದ ಗೊಬ್ಬರದಲ್ಲಿ ಉಳಿಯಬೇಕಾದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಚುರುಗುಟ್ಟುವ ಇನ್ನೊಂದು ವಾಸನೆ ಏಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸಾರು ಬಸಿದು ಹಾಕುತ್ತಿದ್ದೇನೆ, ರಟ್ಟು ಬೆರೆಸಿದ್ದೇನೆ. ಹನ್ನೆರಡು ದಿನವಾಯಿತು, ನಾತ ಹೋಗಿದೆ, ನಡುವೆ ಕೈಯಿಟ್ಟರೆ ಬೆಚ್ಚಗಿದೆ, ಮೊದಲ ಮಳೆ ಬಿದ್ದ ಮಣ್ಣಿನಂಥ ವಾಸನೆ ಬರುತ್ತಿದೆ. ಗೊಬ್ಬರವಾದರೆ ತಮ್ಮ ದಾಸವಾಳದ ಗಿಡಕ್ಕೂ ಒಂದು ಬೊಗಸೆ ಬೇಕೆಂದು ಅಜ್ಜಿಯವರು ಹೇಳಿಟ್ಟಿದ್ದಾರೆ.