ಒಮ್ಮೆ ಸೊನ್ನೆ, ಒಮ್ಮೆ ಹದಿನೈದು: ಕಂಪ್ಯೂಟರಿನ ಗಡಿಯಾರವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮಸ್ಕಾರ ಮೇಡಂ. ಹತ್ತು ಸಾವಿರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಂ ಬರೆದಿದ್ದೇನೆ. ಮೊದಲಿಗೊಮ್ಮೆ, ಕೊನೆಗೊಮ್ಮೆ ವಿಂಡೋಸ್‌ನ ಸಮಯ ಓದಿ ವ್ಯತ್ಯಾಸ ತೆಗೆಯುತ್ತೇನೆ. ಒಮ್ಮೆ 0 ಮಿಲಿಸೆಕೆಂಡ್ ಬರುತ್ತದೆ, ಇನ್ನೊಮ್ಮೆ 15.6. ನಡುವಿನ ಸಂಖ್ಯೆ ಬರುವುದೇ ಇಲ್ಲ. ಪಟ್ಟಿ ಸರಿಯಾಗಿಯೇ ಜೋಡಣೆಯಾಗಿರುವಾಗ ಸೊನ್ನೆ ಹೇಗೆ?

ಉತ್ತರ: ನಿಮ್ಮ ಪ್ರೋಗ್ರಾಂನಲ್ಲಿ ತಪ್ಪಿಲ್ಲ. ವಿಂಡೋಸ್ ಸಮಯವನ್ನು 100 ನ್ಯಾನೋಸೆಕೆಂಡಿನ, ಅಂದರೆ ಸೆಕೆಂಡಿನ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಬರೆದಿಡುತ್ತದೆ, ನಿಜ. ಆದರೆ ನೀವು ಓದುತ್ತಿರುವ ಗಡಿಯಾರದ ಮುಳ್ಳು ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ ಮಾತ್ರ ಕದಲುತ್ತದೆ, ಅಂದರೆ 15.625 ಮಿಲಿಸೆಕೆಂಡಿಗೊಮ್ಮೆ. ನಿಮಿಷಕ್ಕೊಮ್ಮೆ ಜಿಗಿಯುವ ಬಸ್ ನಿಲ್ದಾಣದ ಗಡಿಯಾರ ನೋಡಿಕೊಂಡು ಓಟದ ಪಂದ್ಯದ ಸಮಯ ಬರೆದಂತಾಯಿತು. ಎರಡು ಜಿಗಿತಗಳ ನಡುವೆ ಕೆಲಸ ಮುಗಿದರೆ ಸೊನ್ನೆ.

ವಿಂಡೋಸ್ 8ರಿಂದ ಇನ್ನಷ್ಟು ಸೂಕ್ಷ್ಮವಾಗಿ ಸಮಯ ಹೇಳುವ ಫಂಕ್ಷನ್ ಇದೆ. ಆದರೂ ಅವಧಿ ಅಳೆಯಲು ಅದನ್ನು ಬಳಸಬೇಡಿ. ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಳ್ಳುವಾಗ ಈ ಗಡಿಯಾರ ಹಿಂದಕ್ಕೂ ಸರಿಯಬಹುದು. ಕಡತ ತೆರೆಯಲು ಮೈನಸ್ 40 ಮಿಲಿಸೆಕೆಂಡ್ ಹಿಡಿಯಿತು ಎನ್ನುವ ದಾಖಲೆಯ ಮುಂದೆ ನಾನು ಅರ್ಧ ದಿನ ಕುಳಿತದ್ದುಂಟು! ಅವಧಿಗೆಂದೇ ಇರುವ ‘ಪರ್ಫಾರ್ಮೆನ್ಸ್ ಕೌಂಟರ್’ ಬಳಸಿ. ಈಗ ಎಷ್ಟು ಗಂಟೆ ಎಂದು ಅದು ಹೇಳುವುದಿಲ್ಲ, ಆದರೆ ಹಿಂದಕ್ಕೆ ಹೋಗುವುದೂ ಇಲ್ಲ.

ಮರುಪ್ರಶ್ನೆ: ಇನ್ನೊಂದು ಪೀಡೆ. ಪೆನ್‌ಡ್ರೈವ್‌ಗೆ ಬ್ಯಾಕಪ್ ಮಾಡಿದಾಗಲೆಲ್ಲ, ಬದಲಾಗದ ಫೋಟೊಗಳೂ ಮತ್ತೆ ನಕಲಾಗುತ್ತವೆ.

ಉತ್ತರ: ಪೆನ್‌ಡ್ರೈವ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ ಫ್ಯಾಟ್32 ಇರಬೇಕು. ಅದರ ಸಮಯ ಬರೆಯುವ ಪದ್ಧತಿ ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ್ದು. ಒಟ್ಟು 16 ಬಿಟ್, ಅಂದರೆ 0 ಅಥವಾ 1 ಹಿಡಿಸುವ 16 ಮನೆಗಳು. ಗಂಟೆಗೆ 5, ನಿಮಿಷಕ್ಕೆ 6 ಹೋದರೆ ಸೆಕೆಂಡಿಗೆ ಉಳಿಯುವುದು 5. ಐದು ಬಿಟ್‌ಗಳಲ್ಲಿ 32 ಸಂಖ್ಯೆಗಳಷ್ಟೇ ಹಿಡಿಸುತ್ತವೆ, ಸೆಕೆಂಡುಗಳೋ 60. ಹಾಗಾಗಿ ಎರಡೆರಡು ಸೆಕೆಂಡಿನ ಲೆಕ್ಕ ಇಟ್ಟರು. 10:15:07ಕ್ಕೆ ಉಳಿಸಿದ ಫೋಟೊ ಅಲ್ಲಿ 06 ಆಗಬೇಕು, ಇಲ್ಲವೇ 08. 07ಕ್ಕೆ ಜಾಗವೇ ಇಲ್ಲ. ಕಂಪ್ಯೂಟರಿನ ಡಿಸ್ಕಿನಲ್ಲಿರುವುದು ಎನ್‌ಟಿಎಫ್‌ಎಸ್ ಎಂಬ ಬೇರೆ ವ್ಯವಸ್ಥೆ; ಅಲ್ಲಿ ಅದೇ ಸಮಯ 100 ನ್ಯಾನೋಸೆಕೆಂಡಿನವರೆಗೆ ದಾಖಲಾಗಿರುತ್ತದೆ. ಎರಡನ್ನೂ ಹೋಲಿಸಿದ ಬ್ಯಾಕಪ್ ತಂತ್ರಾಂಶ ಫೋಟೊ ಬದಲಾಗಿದೆ ಎಂದುಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ 2 ಸೆಕೆಂಡಿನ ವ್ಯತ್ಯಾಸಕ್ಕೆ ರಿಯಾಯಿತಿ ಕೊಡಿ. ವಿಂಡೋಸ್‌ನ ನಕಲು ಮಾಡುವ ಆಜ್ಞೆಯಾದ ರೋಬೋಕಾಪಿ ಬಳಸುವವರಾದರೆ ‘ಎಫ್‌ಎಫ್‌ಟಿ’ ಎಂಬ ಸ್ವಿಚ್ (ಆಜ್ಞೆಯ ಜೊತೆ ಬರೆಯುವ ಆಯ್ಕೆ) ಇದಕ್ಕೆಂದೇ ಇದೆ.

ಪ್ರಶ್ನೆ ಕೇಳಿದವರು: ರಿಯಾಯಿತಿ ಕೊಟ್ಟೆ, ಇವತ್ತು ನಕಲಾದದ್ದು ಹೊಸ ಫೋಟೊಗಳು ಮಾತ್ರ. ಜೋಡಣೆಯನ್ನು ಕೌಂಟರಿನಲ್ಲಿ ಅಳೆದರೆ 3.1 ಮಿಲಿಸೆಕೆಂಡ್. ಧನ್ಯವಾದ ಮೇಡಂ.