ಉದ್ದನೆ ಜಾಬ್ ಗ್ರೈಂಡ್ ಮಾಡಿದ್ರೆ ಮಧ್ಯ ಮಾತ್ರ ದಪ್ಪ ಬರ್ತಿದೆ, ಯಾಕೆ?

ಗ್ರೈಂಡರ್_ತುಮಕೂರು:
ಅಣ್ಣಂದಿರೇ, ವಸಂತನರಸಾಪುರದಲ್ಲಿ ಸಿಲಿಂಡ್ರಿಕಲ್ ಗ್ರೈಂಡಿಂಗ್ ನೋಡ್ಕೊಳ್ತೀನಿ. ಈಗ ಬಂದಿರೋ ಜಾಬು ಈಎನ್19 ಅಲಾಯ್ ಸ್ಟೀಲಿನ ಹಾಲೋ ಶಾಫ್ಟು, 600 ಎಂಎಂ ಉದ್ದ, 22 ಎಂಎಂ ದಪ್ಪ, ನೋಡೋಕೆ ರೈಫಲ್ ಬ್ಯಾರೆಲ್ ತರಾನೇ ಇದೆ. ಎರಡು ತುದೀಲೂ ಸೈಜ್ ಕರೆಕ್ಟಾಗಿ ಸಿಗುತ್ತೆ, ಮಧ್ಯ ಮೈಕ್ರೋಮೀಟರ್ ಹಿಡಿದ್ರೆ 15-20 ಮೈಕ್ರಾನ್ (ಮೈಕ್ರಾನ್ ಅಂದ್ರೆ ಎಂಎಂನ ಸಾವಿರದಲ್ಲೊಂದು ಭಾಗ) ಜಾಸ್ತಿ. ಟೇಬಲ್ ತಿರುಗಿಸಿ ನೋಡ್ದೆ, ಪ್ರಯೋಜನ ಇಲ್ಲ. ವೀಲ್ ಚೇಂಜ್ ಮಾಡ್ಬೇಕಾ? ಬ್ಯಾರೆಲ್ ಮಾಡೋರು ಇಂಥದ್ದನ್ನ ಹೆಂಗೆ ಹಿಡೀತಾರೆ?

ಶಿರಾ_ಟೂಲ್‌ರೂಮ್:
ಟೇಬಲ್ ತಿರುಗಿಸಿದ್ರೆ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಇರೋದು) ಹೋಗುತ್ತೆ ಅಷ್ಟೇ, ಮಧ್ಯದ ಡುಬ್ಬ ಹೋಗಲ್ಲ. ದಪ್ಪಕ್ಕಿಂತ 27 ಪಟ್ಟು ಉದ್ದ ಇದೆ ನಿಮ್ಮ ಜಾಬು, ವೀಲ್ ಒತ್ತಿದ ತಕ್ಷಣ ಮಧ್ಯದಲ್ಲಿ ಹಿಂದಕ್ಕೆ ಬಾಗುತ್ತೆ, ಅಲ್ಲಿ ಮಾಲು ಕಡಿಮೆ ಹೋಗುತ್ತೆ. ಮಧ್ಯದಲ್ಲಿ ಜಾಬಿಗೆ ಆಸರೆ ಕೊಡೋ ಸ್ಟೆಡಿ ರೆಸ್ಟ್ ಹಾಕ್ಲೇಬೇಕು. ಆದ್ರೆ ಸ್ಟೆಡಿ ಕೂರೋ ಜಾಗನ ಮೊದಲು ರೌಂಡಾಗಿ ಗ್ರೈಂಡ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಆ ಓರೆಕೋರೆನೇ ಪೂರ್ತಿ ಜಾಬಿಗೆ ಬರುತ್ತೆ. ಫಿನಿಶಿಂಗಲ್ಲಿ 5 ಮೈಕ್ರಾನ್ ಮೇಲೆ ಫೀಡ್ ಬೇಡ, ಕೊನೇಲಿ ಫೀಡ್ ಕೊಡದೇ ಕಿಡಿ ನಿಲ್ಲೋವರೆಗೂ ಓಡಿಸಿ.

ಮಾಲೂರು_ಮೆಷಿನಿಸ್ಟ್:
ಮೇಲಿನ ಸರ್ ಹೇಳಿದ್ದು ಸರಿ, ಜೊತೆಗೆ ಬಿಸೀನೂ ನೋಡಿ. ಸ್ಟೀಲು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಬೆಳೆಯುತ್ತೆ, ಅಂದ್ರೆ 10 ಡಿಗ್ರಿ ಏರಿದ್ರೆ ನಿಮ್ಮ ಶಾಫ್ಟು 70 ಮೈಕ್ರಾನ್ ಉದ್ದ ಆಗುತ್ತೆ. ಟೇಲ್‌ಸ್ಟಾಕ್ (ಜಾಬಿನ ಒಂದು ತುದಿ ಹಿಡಿಯೋ ಭಾಗ) ಗಟ್ಟಿಯಾಗಿ ಲಾಕ್ ಮಾಡಿಟ್ರೆ ಅದು ಎಲ್ಲಿಗೆ ಹೋಗ್ಬೇಕು ಹೇಳಿ, ಬಿಲ್ಲಿನ ತರ ಬಾಗುತ್ತೆ, ತಣ್ಣಗಾದ್ಮೇಲೆ ಡಯಲ್ ಇಟ್ರೆ ರನ್‌ಔಟ್ (ತಿರುಗುವಾಗ ಓಲಾಟ) ಕಾಣುತ್ತೆ. ಜಾಬು ಬೆಳೆದ್ರೆ ಹಿಂದೆ ಸರಿಯೋ ಸ್ಪ್ರಿಂಗ್ ಸೆಂಟರ್ ಹಾಕಿ, ಕೂಲಂಟ್ ಧಾರಾಳ ಬಿಡಿ.

ಕೆಜಿಎಫ್_ಹಳಬ:
ಬ್ಯಾರೆಲ್ ವಿಷ್ಯ ಕೇಳಿದ್ರಲ್ಲ. ಅಲ್ಲಿ ಒಳಗಿನ ತೂತೇ ಮುಖ್ಯ, ಮೊದಲು ಡೀಪ್ ಹೋಲ್ ಡ್ರಿಲ್ಲಿಂಗ್, ಆಮೇಲೆ ರೀಮಿಂಗ್. ಒಳಗಿನ ಸುರುಳಿ ಗೆರೆ ಗ್ರೈಂಡಿಂಗಿಂದ ಬರಲ್ಲ, ಅದು ಕಟಿಂಗ್, ಬಟನ್ (ಗಟ್ಟಿ ಟೂಲನ್ನ ತೂತಿನೊಳಗೆ ಹಾಯಿಸೋದು) ಇಲ್ಲಾ ಹ್ಯಾಮರ್ ಫೋರ್ಜಿಂಗ್. ಹೊರಮೈ ಮಾಡೋವಾಗ ತೂತಿನ ಬಾಯಿನೇ ಸೆಂಟರ್, ಆಗ್ಲೇ ಸುತ್ತಲೂ ಗೋಡೆ ದಪ್ಪ ಒಂದೇ ಸಮ ಬರೋದು, ಗೋಡೆ ಹೆಚ್ಚುಕಮ್ಮಿ ಆದ್ರೆ ಬಿಸಿಯಾದಾಗ ಒಂದು ಕಡೆ ವಾಲುತ್ತೆ. ನಿಮ್ಮ ಜಾಬಿಗೂ ಅದೇ ಲೆಕ್ಕ ಕಣಪ್ಪ, ಬಾಯಲ್ಲಿರೋ 60 ಡಿಗ್ರಿ ಚಾಂಫರ್ (ಇಳಿಜಾರು ಅಂಚು) ಮೇಲೆ ಒಂದು ಸಣ್ಣ ಬರ್ (ಲೋಹದ ಸಿಬಿರು) ಇದ್ರೂ ರೌಂಡ್‌ನೆಸ್ ಕೆಡುತ್ತೆ, ಲ್ಯಾಪ್ ಮಾಡಿ (ನುಣ್ಣಗೆ ಉಜ್ಜಿ) ಒರೆಸಿ ಹಿಡಿ. ಇನ್ನೊಂದು, ಪ್ರೆಸ್ಸಲ್ಲಿ ಒತ್ತಿ ನೆಟ್ಟಗೆ ಮಾಡಿರೋ ಮಾಲು ಸ್ಟ್ರೆಸ್ ರಿಲೀವ್ (ಕಾಯಿಸಿ ಒಳಗಿನ ಒತ್ತಡ ಇಳಿಸೋದು) ಆಗಿಲ್ಲಾಂದ್ರೆ ಎಷ್ಟು ಚೆನ್ನಾಗಿ ಗ್ರೈಂಡ್ ಮಾಡಿದ್ರೂ ಮತ್ತೆ ಬಾಗುತ್ತೆ, ಸಪ್ಲೈಯರ್ ಹತ್ರ ಕೇಳು.

ಗ್ರೈಂಡರ್_ತುಮಕೂರು:
ಥ್ಯಾಂಕ್ಸ್ ಅಣ್ಣ. ಸ್ಟೆಡಿ ಸ್ಟೋರಲ್ಲಿದೆ, ನಾಳೆ ಹಾಕ್ತೀನಿ. ವೀಲ್ ಎ60ಕೆ (ಅಲ್ಯೂಮಿನಿಯಂ ಆಕ್ಸೈಡ್, 60 ಗ್ರಿಟ್, ಕೆ ಗ್ರೇಡ್), ನಡೆಯುತ್ತಾ?

ಶಿರಾ_ಟೂಲ್‌ರೂಮ್:
ನಡೆಯುತ್ತೆ, ಬದಲಾಯಿಸ್ಬೇಡಿ. ಫಿನಿಶಿಂಗ್‌ಗೆ ಮುಂಚೆ ಡೈಮಂಡಲ್ಲಿ ಡ್ರೆಸ್ ಮಾಡಿ ವೀಲ್ ಮೈ ಹರಿತ ಮಾಡ್ಕೊಳ್ಳಿ, ಮೊಂಡು ವೀಲ್ ಕೊಯ್ಯೋ ಬದ್ಲು ಜಾಬನ್ನ ತಳ್ಳುತ್ತೆ.