ಸಹಾಯ ಬೇಕು: ಲಂಡನ್ ಬಸ್ಸಿನಲ್ಲಿ ನಡುವೆ ಇಳಿದು ಮತ್ತೆ ಹತ್ತುವ ಬಗ್ಗೆ

ನಮಸ್ಕಾರ. ಮುಂದಿನ ವಾರ ಅಮ್ಮನನ್ನು ಲಂಡನ್ ಸುತ್ತಿಸಬೇಕು. ಅವರಿಗೆ ಜಾಸ್ತಿ ಹೊತ್ತು ಬಸ್ಸಿನಲ್ಲಿ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ. ನಡುವೆ ಇಳಿದು ಸ್ವಲ್ಪ ಸುಧಾರಿಸಿಕೊಳ್ಳಲೇಬೇಕು.

ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಹಾಪರ್ ಫೇರ್ ತಾನಾಗಿಯೇ ಸಿಗುತ್ತದೆ, ಅಲ್ವಾ? ಒಂದು ಗಂಟೆಯೊಳಗೆ ಎಷ್ಟು ಬಸ್, ಟ್ರಾಮ್ ಹತ್ತಿದರೂ ಒಂದೇ ಚಾರ್ಜು. 2018ರಿಂದ ನಡುವೆ ಟ್ಯೂಬ್‌ನಲ್ಲಿ (ನೆಲದಡಿಯ ರೈಲು) ಹೋದರೂ ಅದು ತಪ್ಪುವುದಿಲ್ಲ. ಆದರೆ ಆ ಗಂಟೆ ಶುರುವಾಗುವುದು ಇಳಿದಾಗ ಅಲ್ಲ, ಮೊದಲು ಹತ್ತಿದಾಗ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅಮ್ಮನ ವಿಶ್ರಾಂತಿಗೆ ಸಮಯವೇ ಉಳಿಯುವುದಿಲ್ಲ. ಅವರನ್ನು ಅವಸರಪಡಿಸಲು ನನಗೆ ಇಷ್ಟವಿಲ್ಲ.

ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇಟ್ಟುಕೊಂಡಿದ್ದೇನೆ. ಒಮ್ಮೆ ಕಾರ್ಡ್, ಒಮ್ಮೆ ಫೋನ್ ಮುಟ್ಟಿಸಿದರೆ ಲೆಕ್ಕ ಕೂಡುವುದಿಲ್ಲ ಎಂಬುದೂ ಗೊತ್ತು.

ಬಸ್ ತಡವಾಗಿ ಗಂಟೆ ಮೀರಿದಾಗ ಯಾರಾದರೂ ಕೇಳಿ ಹಣ ವಾಪಸ್ ಪಡೆದಿದ್ದೀರಾ? ವಯಸ್ಸಾದವರ ಜೊತೆ ಓಡಾಡಿದವರು ದಯವಿಟ್ಟು ತಿಳಿಸಿ.